ಎರಡು ಭಾಷೆಯ ನೆಪ

ಜೈನಬ್‌ಗೆ ಏಳು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಅದಕ್ಕೆ ಚಳ್ಳಕೆರೆಯ ಆ ಓಣಿಯಲ್ಲಿ ಎಲ್ಲರ ಬಳಿಯೂ ಒಂದು ಉತ್ತರ ಸಿದ್ಧವಿತ್ತು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಎರಡು ದೋಣಿಯಲ್ಲಿ ಕಾಲಿಟ್ಟ ಮಗುವಿಗೆ ಮಾತು ಎಲ್ಲಿಂದ ಬರಬೇಕು? ಹೀಗೆಂದು ಅಜ್ಜಿ ಸಕೀನಾ ಬೀ ಹೇಳಿದರು, ನೆರೆಯವರು ಹೇಳಿದರು, ಶಾಲೆಯ ಮೇಷ್ಟ್ರೂ ಹೇಳಿದರು. ಅದೇ ಓಣಿಯ ಉಳಿದ ಮಕ್ಕಳು ಎರಡೂ ಭಾಷೆಯಲ್ಲಿ ಜಗಳವಾಡುತ್ತಿದ್ದುದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ತಾಯಿ ಶಬಾನಾ ಆ ಮಾತನ್ನೇ ನಂಬಿಕೊಂಡಿದ್ದಳು. ಅದನ್ನು ಬಿಟ್ಟರೆ ಇನ್ನೇನನ್ನು ನಂಬಬೇಕಾಗುತ್ತದೋ ಎಂಬ ಭಯ ಅವಳಿಗೆ.

ಒಂದು ಸೋಮವಾರ ಶಾಲೆಯಿಂದ ಫೋನು ಬಂತು, ಶಬಾನಾ ಓಡಿಹೋದಳು. ಊಟದ ಗಂಟೆ ಹೊಡೆದಾಗ ಜೈನಬ್ ಕಿವಿ ಮುಚ್ಚಿಕೊಂಡು ಕಿರುಚಿ, ಪಕ್ಕದಲ್ಲಿದ್ದ ಐಶ್ವರ್ಯಳ ಕೈ ಕಚ್ಚಿದ್ದಳು. ಇದು ಮೂರನೆಯ ಸಲ. ಐಶ್ವರ್ಯಳ ತಂದೆ ಸಿದ್ದಲಿಂಗೇಶ್, ಶಾಲೆಯಲ್ಲಿ ಆ ಮಗು ಇರಬೇಕು ಇಲ್ಲವೇ ನಮ್ಮ ಮಗು ಎಂದು ಪಟ್ಟು ಹಿಡಿದು ಕೂತಿದ್ದರು. ಶಬಾನಾಳ ಗಂಡ ಅನ್ವರ್ ಬೈಕ್ ಮೆಕ್ಯಾನಿಕ್. ಗ್ಯಾರೇಜಿನಿಂದ ಕೈಯ ಗ್ರೀಸ್ ಒರೆಸಿಕೊಳ್ಳುತ್ತಲೇ ಬಂದವನು, ಟಿ.ಸಿ. ಕೊಟ್ಟುಬಿಡಿ, ಉರ್ದು ಶಾಲೆಗೆ ಹಾಕುತ್ತೇನೆ ಎಂದ. ಅಲ್ಲೂ ಆಗದಿದ್ದರೆ ಮಗಳ ಓದು ಅಲ್ಲಿಗೆ ಮುಗಿಯಿತೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಆದರೂ ಶಬಾನಾಗೆ ಗೊತ್ತಾಯಿತು.

ಅಂದು ಶಿಲ್ಪಾ ಟೀಚರ್ ಶಾಲೆಗೆ ಬಂದಿದ್ದರು. ವಿಶೇಷ ಅಗತ್ಯವಿರುವ ಮಕ್ಕಳಿಗೆ ಕಲಿಸಲೆಂದೇ ತರಬೇತಿ ಪಡೆದು, ತಾಲ್ಲೂಕಿನ ಶಾಲೆಗಳನ್ನು ಸುತ್ತುವವರು ಅವರು. ಜೈನಬ್ ಪಕ್ಕ ನೆಲದ ಮೇಲೆ ಕೂತು ಬಹಳ ಹೊತ್ತು ಅವಳನ್ನೇ ಗಮನಿಸಿ, ಆಮೇಲೆ ಶಬಾನಾ ಕಡೆ ತಿರುಗಿದರು.

“ಕನ್ನಡ ಬರಲ್ಲ, ಸರಿ. ಮನೇಲಿ ಉರ್ದು ಮಾತಾಡ್ತಾಳೇನಮ್ಮ?”

ಓಣಿಯವರ ಉತ್ತರ ಶಬಾನಾಳ ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದೇ ಬೇರೆ.

“ಇಲ್ಲ ಟೀಚರ್. ಅಮ್ಮೀ ಅಂತ ಒಂದಿನಾನೂ ಕರೆದಿಲ್ಲ.”

ಏಳು ವರ್ಷದಲ್ಲಿ ಮೊದಲ ಸಲ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದಳು. ಅಳು ತಡೆಯಲಾಗಲಿಲ್ಲ. ಅನ್ವರ್ ತಲೆ ತಗ್ಗಿಸಿದ.

ತಪ್ಪು ಭಾಷೆಯದಲ್ಲ, ಹೆತ್ತವರದೂ ಅಲ್ಲ ಎಂದರು ಶಿಲ್ಪಾ. ಕೆಲವು ಮಕ್ಕಳಿಗೆ ಮಾತು ಕಲಿಯುವುದು ಕಷ್ಟ, ಕೆಲವರಿಗೆ ಜೋರು ಸದ್ದು ತಾಳಲಾಗದು. ಕಾರಣ ಏನೆಂದು ಡಾಕ್ಟರೇ ಹೇಳಬೇಕು. ಮೊದಲು ಕಿವಿ ತೋರಿಸೋಣ ಎಂದರು.

“ಕಚ್ಚೋ ಮಗೂನ ಯಾವ ಸ್ಕೂಲ್ನೋರು ಇಟ್ಕಳ್ತಾರೆ ಟೀಚರ್?” ಎಂದ ಅನ್ವರ್.

“ಬೈಕು ಸದ್ದು ಮಾಡಿದ್ರೆ ಗುಜರಿಗೆ ಹಾಕ್ತೀರಾ ಅನ್ವರ್ ಭಾಯ್? ಕಿವಿ ಕೊಟ್ಟು ಕೇಳ್ತೀರಿ. ಮೂರು ಸಲಾನೂ ಕಚ್ಚಿರೋದು ಗಂಟೆ ಹೊಡೆದಾಗ್ಲೇ. ಮಗು ಹೇಳ್ತಾನೇ ಐತೆ, ಕೇಳೋರು ಬೇಕು.”

ಟಿ.ಸಿ. ಮಾತು ಅಲ್ಲಿಗೇ ನಿಂತಿತು. ಜೈನಬ್‌ಳ ಜಾಗ ಗಂಟೆಯಿಂದ ದೂರದ ಮೂಲೆಗೆ ಹೋಯಿತು. ಬೇಕಾದ್ದನ್ನು ಜೈನಬ್ ತೋರಿಸಿ ಕೇಳಲೆಂದು, ಮುಂದೇನೆಂದು ಅವಳಿಗೆ ತಿಳಿಸಲೆಂದು ನೀರು, ಊಟ, ಗಂಟೆಯ ಚಿತ್ರದ ಚೀಟಿಗಳನ್ನು ಶಿಲ್ಪಾ ಮಾಡಿಕೊಟ್ಟರು. ಗಂಟೆ ಹೊಡೆಯುವ ಮುಂಚೆ ಗಂಟೆಯ ಚೀಟಿ ತೋರಿಸುವ ಕೆಲಸವನ್ನು ತಾನೇ ಕೇಳಿ ಪಡೆದವಳು ಐಶ್ವರ್ಯ. ಸಿದ್ದಲಿಂಗೇಶ್ ಒಂದು ವಾರ ಗೊಣಗಿದರು, ಆಮೇಲೆ ಸುಮ್ಮನಾದರು. ಸಕೀನಾ ಬೀ ಮೊಮ್ಮಗಳ ಕೊರಳಿಗೆ ತಾಯತ ಕಟ್ಟಿದರು, ಆಸ್ಪತ್ರೆಗೂ ತಾವೇ ಜೊತೆಗೆ ಹೋದರು. ಕಿವಿ ಸರಿಯಿದೆ ಎಂದ ಡಾಕ್ಟರು ಮುಂದಿನ ಪರೀಕ್ಷೆಗೆ ದಿನ ಕೊಟ್ಟರು. ಕಚ್ಚುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ, ಕಡಿಮೆಯಾಗುತ್ತಾ ಬಂತು.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಶಬಾನಾ ರೊಟ್ಟಿ ಬೇಯಿಸುತ್ತಿದ್ದಳು. ಜೈನಬ್ ಬಂದು ನೀರಿನ ಚೀಟಿಯನ್ನು ತಾಯಿಯ ಮಡಿಲಲ್ಲಿಟ್ಟು, ಅವಳ ಮುಖ ನೋಡುತ್ತಾ ನಿಂತಳು. ಅಮ್ಮೀ ಎಂದು ಅವಳು ಇನ್ನೂ ಕರೆದಿಲ್ಲ. ಆದರೆ ಅಂದು ಮೊದಲ ಸಲ ತಾಯಿಯನ್ನು ಕೇಳಿ ನೀರು ಕುಡಿದಳು. ಶಬಾನಾ ಆ ಖಾಲಿ ಲೋಟವನ್ನು ಎಷ್ಟೋ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಮಾತು ಬಾರದ, ಕೂತಲ್ಲಿ ಕೂರದ, ಸಿಟ್ಟಿಗೆ ಹೊಡೆಯುವ, ಕಚ್ಚುವ ಮಗುವಿದ್ದರೆ ನೆಪ ಹುಡುಕಬೇಡಿ, ಶಾಲೆ ಬಿಡಿಸಬೇಡಿ. ಹತ್ತಿರದ ಶಾಲೆಯಲ್ಲಿ ಕಲಿಯುವುದು ಆ ಮಗುವಿನ ಹಕ್ಕು. ವಿಶೇಷ ಶಿಕ್ಷಕರು ಯಾವಾಗ ಬರುತ್ತಾರೆಂದು ಮುಖ್ಯ ಶಿಕ್ಷಕರನ್ನು ಕೇಳಿ. ಅಲ್ಲಿ ಗೊತ್ತಾಗದಿದ್ದರೆ ತಾಲ್ಲೂಕಿನ ಶಿಕ್ಷಣಾಧಿಕಾರಿಗಳ, ಅಂದರೆ ಬಿ.ಇ.ಒ. ಕಚೇರಿಗೆ ಹೋಗಿ. ಮಗಳು ಮನೆಯಲ್ಲಾದರೂ ಮಾತಾಡುತ್ತಾಳೆಯೇ ಎಂಬ ಒಂದು ಪ್ರಶ್ನೆಯನ್ನು ಶಬಾನಾಳಿಗೆ ಕೇಳುವವರು ಸಿಗಲು ಏಳು ವರ್ಷ ಹಿಡಿಯಿತು. ನೀವು ಇವತ್ತೇ ಶಾಲೆಗೆ ಹೋಗಿ ಕೇಳಿ.