ಗುರುವಾರದ ಡಬ್ಬಿ

ಗಿರಾಕಿ ಸಿಗುವುದು ಕಷ್ಟ ಎಂದು ಮುಂಬೈಯಲ್ಲಿ ಎಲ್ಲರೂ ಗೋಳಾಡುತ್ತಾರೆ. ಸಿಕ್ಕ ಗಿರಾಕಿಯನ್ನು ಬಿಡುವುದು ಅದಕ್ಕಿಂತ ಕಷ್ಟ ಎಂಬುದನ್ನು ತಿಳಿಯಬೇಕಾದರೆ ದಹಿಸರ್‌ನ ಯಲ್ಲಾಲಿಂಗನನ್ನು ಕೇಳಬೇಕು.

ಯಲ್ಲಾಲಿಂಗನದು ಕಿಟಕಿ ಒರೆಸುವ ಕೆಲಸ. ಮೇಲೊಬ್ಬ ಸೇಠ್ ಇಲ್ಲ, ಕೆಳಗೊಬ್ಬ ಆಳಿಲ್ಲ. ಬಕೆಟ್ಟು, ರಬ್ಬರಿನ ವೈಪರು, ಸಂದಿಗೊಂದಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು, ಕೊನೆಯ ಹೊಳಪಿಗೆ ಒಂದು ಕಟ್ಟು ಹಳೇ ಪೇಪರು, ಇಷ್ಟೇ ಅವನ ಕಾರ್ಖಾನೆ. ಯಾದಗಿರಿ ಕಡೆಯಿಂದ ಬಂದವನು ಮೊದಲು ಬಿಲ್ಡಿಂಗುಗಳಿಗೆ ಬಣ್ಣ ಬಳಿಯುತ್ತಿದ್ದ. ಗಾಜಿನ ಮೇಲೆ ಸಿಡಿದ ಬಣ್ಣವನ್ನು ಕೆರೆದು ಕೆರೆದು, ಬಣ್ಣಕ್ಕಿಂತ ಗಾಜೇ ತನ್ನ ಕೈಗೆ ಒಗ್ಗುತ್ತದೆ ಎಂದು ಕಂಡುಕೊಂಡ. ಈಗ ಬೊರಿವಲಿಯಿಂದ ದಹಿಸರ್‌ವರೆಗೆ ನಲವತ್ತು ಮನೆಗಳ ಕಿಟಕಿಗಳು ಅವನ ಕೈಯಲ್ಲಿವೆ. ಭಾನುವಾರವಂತೂ ಅವನಿಗೆ ಉಸಿರಾಡಲೂ ಪುರುಸೊತ್ತಿಲ್ಲ.

ಗುರುವಾರ ಹೆಚ್ಚುಕಡಿಮೆ ಪೂರ್ತಿ ವಿನೋದಿನಿ ಅಮ್ಮನ ಪಾಲು. ಬೊರಿವಲಿಯ ನಾಲ್ಕನೇ ಮಹಡಿಯಲ್ಲಿ ಮೂಲೆಯ ಫ್ಲ್ಯಾಟು, ಹನ್ನೊಂದು ಕಿಟಕಿ. ಬೇರೆ ಮನೆಯಲ್ಲಾದರೆ ಎರಡೂವರೆ ತಾಸಿನ ಕೆಲಸ. ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊಕ್ಕರೆ ಹೊರಬೀಳುವಷ್ಟರಲ್ಲಿ ಸಂಜೆಯ ಲೋಕಲ್ ರೈಲುಗಳು ತುಂಬಿರುತ್ತಿದ್ದವು. ವಿನೋದಿನಿ ಅಮ್ಮ ಗಂಡನ ಜೊತೆ ಮೂವತ್ತು ವರ್ಷ ಫೋರ್ಟ್‌ನಲ್ಲಿ ಉಡುಪಿ ಹೋಟೆಲು ನಡೆಸಿದವರು. ಹೋಟೆಲನ್ನು ಈಗ ಅಳಿಯ ನೋಡಿಕೊಳ್ಳುತ್ತಾನೆ. ಆದರೆ ಲೋಟಗಳನ್ನು ತಪಾಸಣೆ ಮಾಡಿದ ಆ ಕಣ್ಣುಗಳಿಗೆ ಯಾರೂ ರಜೆ ಕೊಟ್ಟಿರಲಿಲ್ಲ. ಯಲ್ಲಾಲಿಂಗ ಒಂದು ಗಾಜು ಮುಗಿಸುತ್ತಲೇ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬರುತ್ತಿದ್ದರು. ಗಾಜಿಗೆ ಮುಖ ತಂದು “ಹಾ” ಎಂದು ಉಸಿರು ಬಿಡುತ್ತಿದ್ದರು. ಆವಿಯಲ್ಲಿ ಅಡಗಿದ್ದ ಗೆರೆಯೆಲ್ಲ ಮೂಡುತ್ತಿತ್ತು.

“ಇದೆಂತ ಮಾರಾಯ, ಇಲ್ಲಿ ನಕ್ಷೆ ಬರ್ದಿದ್ದೀಯಾ?”

ಮತ್ತೆ ಒರೆಸು. ಮತ್ತೆ “ಹಾ.” ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವರ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಬಂದಿರಲಿಲ್ಲ. ತಪ್ಪಿಲ್ಲದಿದ್ದರೆ ಮೂಗಿನಲ್ಲಿ “ಹ್ಞೂಂ” ಅಷ್ಟೆ. ಆ ಹ್ಞೂಂಗಾಗಿ ಯಲ್ಲಾಲಿಂಗ ಮೈಯೆಲ್ಲ ಬೆವರು ಮಾಡಿಕೊಂಡು ಒರೆಸುತ್ತಿದ್ದ. ಮನೆಗೆ ಬಂದು ಅವರನ್ನು ಬಾಯಿ ತುಂಬ ಬೈಯುತ್ತಿದ್ದ.

ಹೀಗೇ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಅವನ ಹೆಂಡತಿ ಮಹಾದೇವಿಗೆ ಹೊಸ ಕೆಲಸ ಸಿಕ್ಕಿತು. ಸಣ್ಣ ಕಾರ್ಖಾನೆಗಳ ಕಟ್ಟಡದಲ್ಲೊಂದು ಕ್ಯಾಂಟೀನು, ಅಲ್ಲಿ ರೊಟ್ಟಿ ಬಡಿಯುವುದು. ವಾರದ ರಜೆ ಗುರುವಾರ. ಇದನ್ನು ಹೇಳುವಾಗ ಅವಳ ಮುಖ ಅರಳಿತ್ತು.

“ಏನ್ರಿ, ನಾವು ಮುಂಬೈಗಿ ಬಂದು ಹದಿನಾರು ವರ್ಷ ಆತು. ಒಂದ ದಿನಾನೂ ಇಬ್ರೂ ಕೂಡಿ ಹಗಲ ಹೊತ್ತಿನಾಗ ಎಲ್ಲಿಗೂ ಹೋಗಿಲ್ಲ. ನಿಮ್ಗ ರಜಾ ಇದ್ರ ನನಗ ಇರಲ್ಲ, ನನಗ ಇದ್ರ ನಿಮಗ ಇರಲ್ಲ. ಗೊರಾಯಿಗಿ ದೋಣ್ಯಾಗ ಹೋಗ್ಬೇಕಂತ ನಾ ಎಷ್ಟು ಸಲ ಅಂದೀನಿ?”

ಗೊರಾಯಿ ಎಂದರೆ ಕಡಲತೀರ, ಬೊರಿವಲಿಯ ಜೆಟ್ಟಿಯಿಂದ ದೋಣಿಯಲ್ಲಿ ಹದಿನೈದು ನಿಮಿಷ. ಹದಿನಾರು ವರ್ಷದಲ್ಲಿ ಆ ಹದಿನೈದು ನಿಮಿಷ ಅವರಿಗೆ ದಕ್ಕಿರಲಿಲ್ಲ. ಯಲ್ಲಾಲಿಂಗ ಗುರುವಾರದ ಗಿರಾಕಿಗಳನ್ನು ಬಿಟ್ಟೇಬಿಡುತ್ತೇನೆ ಎಂದು ಎದೆ ತಟ್ಟಿ ಹೇಳಿದ.

ಎದೆ ತಟ್ಟುವುದು ಸುಲಭ. ಮೊದಲು ಫೋನಿನಲ್ಲಿ ಪ್ರಯತ್ನಿಸಿದ. “ಫೋನಲ್ಲಿ ಎಂತ ಮಾತು? ಗುರುವಾರ ಹೇಗೂ ಬರ್ತೀಯಲ್ವಾ” ಎಂದು ವಿನೋದಿನಿ ಅಮ್ಮ ಕಟ್ ಮಾಡಿದರು. ಮಹಾದೇವಿಗೂ ಅದು ಸರಿ ಕಾಣಲಿಲ್ಲ. ನಾಲ್ಕು ವರ್ಷ ಚಹಾ ಕುಡಿದ ಮನೆ. ಬಿಡುವಾಗ ಬರಿಗೈಯಲ್ಲಿ ಹೋಗುವುದೇ? ಅವಳು ಶೇಂಗಾ ಹೋಳಿಗೆ ಮಾಡಿ, ತವರಿನಲ್ಲಿ ಅವ್ವ ಕೊಟ್ಟ ಸ್ಟೀಲಿನ ಡಬ್ಬಿಗೆ ತುಂಬಿದಳು. ಡಬ್ಬಿಯ ಮೈಮೇಲೆ ‘ಮಹಾದೇವಿ’ ಎಂದು ಚುಕ್ಕಿಚುಕ್ಕಿಯಾಗಿ ಕೊರೆದಿತ್ತು.

“ಬಾಯಿ ಸಿಹಿ ಮಾಡಿ, ಆಮ್ಯಾಲ ಸಮಾಧಾನದಿಂದ ಹೇಳ್ರಿ. ಡಬ್ಬಿ ಮರೀಬ್ಯಾಡ್ರಿ.”

ಆ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಗುರುವಾರ ಹತ್ತರೊಳಗೆ ಮುಗಿಸುವ ಇನ್ನೊಬ್ಬ ಗಿರಾಕಿಯಿದ್ದರು, ನಿವೃತ್ತ ಬ್ಯಾಂಕ್ ಸಾಹೇಬರು. ಹಾಡಹಗಲೇ ಟಾರ್ಚು ಹಾಕಿ ಗಾಜು ನೋಡುವ ಆಸಾಮಿ. ಇವರಿಂದ ಶುರುಮಾಡಿದರೆ ಧೈರ್ಯ ಬಂದೀತೆಂದು ಯಲ್ಲಾಲಿಂಗ ಮೊದಲು ಅಲ್ಲಿಗೇ ಹೋದ. ಅವನು ಅರ್ಧ ಹೇಳುವುದರೊಳಗೆ ಸಾಹೇಬರು, “ಅರೇ, ಅಚ್ಛಾ ಹುವಾ! ನಾನೇ ನಿನಗೆ ಬರಬೇಡ ಅನ್ನೋನಿದ್ದೆ. ಆನ್‌ಲೈನ್‌ನಲ್ಲಿ ಗಾಜಿನ ಎರಡೂ ಬದಿ ಒಟ್ಟಿಗೇ ಒರೆಸುವ ಮ್ಯಾಗ್ನೆಟ್ ಬ್ರಶ್ಶು ತರಿಸಿದ್ದೇನೆ” ಎಂದು ಕೈಕುಲುಕಿ ಬಾಗಿಲು ಹಾಕಿಕೊಂಡರು.

ಯಲ್ಲಾಲಿಂಗನಿಗೆ ಖುಷಿಯಾಗಬೇಕಿತ್ತು. ಸಿಟ್ಟು ಬಂತು. ಮ್ಯಾಗ್ನೆಟ್ಟಂತೆ! ಪಾರಿವಾಳದ ಹಿಕ್ಕೆ ಮ್ಯಾಗ್ನೆಟ್ಟಿಗೆ ಹೆದರುತ್ತದೆಯೇ? ಎರಡು ಮಹಡಿ ಗೊಣಗುತ್ತಲೇ ಹತ್ತಿದ.

ವಿನೋದಿನಿ ಅಮ್ಮ ಡಬ್ಬಿ ತೆಗೆದುಕೊಂಡರು, ಹೆಸರು ಓದಿದರು, ಒಂದು ಹೋಳಿಗೆ ಮುರಿದು ಬಾಯಿಗಿಟ್ಟರು. “ಹ್ಞೂಂ” ಎಂದರು. ಹೋಳಿಗೆಗೆ ಮೊದಲ ತುತ್ತಿಗೇ ಹ್ಞೂಂ ಸಿಕ್ಕಿದ್ದು ನೋಡಿ ಯಲ್ಲಾಲಿಂಗನಿಗೆ ಹೊಟ್ಟೆಕಿಚ್ಚಾಯಿತು. ಸಂಜೆಯವರೆಗೆ ಒರೆಸಿ, ಗಂಟಲು ಸರಿಮಾಡಿಕೊಂಡು, “ಅಮ್ಮಾರೆ, ಡಬ್ಬಿ ಕೊಡ್ರಿ, ಮತ್ತ ಒಂದ ಮಾತು...” ಎಂದ.

“ಡಬ್ಬಿ ಖಾಲಿ ಕೊಡ್ಲಿಕ್ಕೆ ಆಗ್ತದಾ ಮಾರಾಯ? ತುಂಬಿ ಬಂದದ್ದು ತುಂಬಿ ಹೋಗ್ಬೇಕು. ಮುಂದಿನ ಗುರುವಾರ ಬಾ.”

ಆ ಮಾತಿಗೆ ಎದುರಾಡುವ ಮನುಷ್ಯ ಯಾದಗಿರಿಯಲ್ಲೂ ಹುಟ್ಟಿಲ್ಲ, ಉಡುಪಿಯಲ್ಲೂ ಹುಟ್ಟಿಲ್ಲ.

ಮುಂದಿನ ಗುರುವಾರ ಡಬ್ಬಿ ತುಂಬ ಬಿಸಿ ಪತ್ರೊಡೆ ಬಂತು. “ಹೇಳಿದ್ರೇನ್ರಿ?” ಎಂದು ಮಹಾದೇವಿ ಬಾಗಿಲಲ್ಲೇ ಕೇಳಿದಳು. “ಕೈಯಾಗ ಪತ್ರೊಡೆ ಹಿಡ್ಕೊಂಡು ನಾಳಿಂದ ಬರಂಗಿಲ್ಲ ಅಂತ ಹೆಂಗ ಹೇಳ್ಲಿ?” ಎಂದ. ಅವಳು ಮುನಿಸಿಕೊಂಡಳು. ಪತ್ರೊಡೆ ತಿಂದು ನೋಡಿ, ಅರ್ಧ ಮುನಿಸು ಬಿಟ್ಟಳು. ಈಗ ಡಬ್ಬಿ ತಮ್ಮ ಮನೆಯಲ್ಲೇ ಇತ್ತು, ಅವನು ಹೋಗಿ ಹೇಳಿ ಬಂದರೆ ಮುಗಿಯುತ್ತಿತ್ತು. ಆದರೆ ಅಂಥ ಪತ್ರೊಡೆ ತಿಂದ ಮೇಲೆ ಸುಮ್ಮನಿರುವ ಹೆಣ್ಣಲ್ಲ ಮಹಾದೇವಿ. ಮೂರನೇ ವಾರ ಡಬ್ಬಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಹೋದವು. ನಾಲ್ಕನೇ ವಾರ ಬನ್ಸ್ ಬಂದವು. ಐದನೇ ವಾರ ಕರ್ಚಿಕಾಯಿ ಹೋದವು. ಎರಡು ಊರುಗಳ ಮರ್ಯಾದೆ ಒಂದು ಡಬ್ಬಿಯಲ್ಲಿ ಓಡಾಡುತ್ತಿತ್ತು. ಅದನ್ನು ಹೊರುವ ಕೆಲಸ ಯಲ್ಲಾಲಿಂಗನದು. ಪ್ರತಿ ಸಲ ಆ ಮಾತು ಅವನ ನಾಲಗೆಯವರೆಗೆ ಬಂದು ಹಿಂದಿರುಗುತ್ತಿತ್ತು.

ಐದನೇ ಗುರುವಾರ ಸಂಜೆ ಯಲ್ಲಾಲಿಂಗ ಬರಿಗೈಯಲ್ಲಿ ಬಂದಾಗ ಮಹಾದೇವಿ ಬೆಳಿಗ್ಗೆ ಕರಿದ ಎಣ್ಣೆಯ ಬಾಣಲೆಯ ಮುಂದೆ ಕೂತಿದ್ದಳು.

“ನನ್ನ ರಜಾದ ದಿನ ನಾ ಏನ ಮಾಡಾಕತ್ತೀನಿ ಗೊತ್ತದೇನ್ರಿ? ನನ್ನ ಗುರುವಾರ ಕಸ್ಕೊಂಡಾಕಿಗೇ ಕರ್ಚಿಕಾಯಿ ಕರದು ಕಳಸಾಕತ್ತೀನಿ!” ಎಂದವಳು ನಗಲು ಹೋಗಿ, ಕಣ್ಣಲ್ಲಿ ನೀರು ತಂದುಕೊಂಡಳು. ಯಲ್ಲಾಲಿಂಗನಿಗೆ ತನ್ನ ಮೇಲೇ ಹೇಸಿಗೆಯೆನಿಸಿತು. ಏಳನೇ ಮಹಡಿಯಲ್ಲಿ ಗ್ರಿಲ್ಲಿನಾಚೆ ಕೈ ಚಾಚಲು ಹೆದರದವನು ಒಬ್ಬ ಹೆಂಗಸಿಗೆ ‘ಇಲ್ಲ’ ಎನ್ನಲು ಹೆದರಿ ಕೂತಿದ್ದ.

“ಮುಂದಿನ ವಾರ ನಾನೂ ಬರ್ತೀನಿ,” ಎಂದಳು ಮಹಾದೇವಿ.

ಆರನೇ ಗುರುವಾರ ಅವಳು ಇಳಕಲ್ ಸೀರೆಯುಟ್ಟು ಹೊರಟಳು. ಅವನು ಅಭ್ಯಾಸಬಲದಿಂದ ಬಕೆಟ್ಟಿಗೆ ಕೈಹಾಕಿದ. ಅವಳು ನೋಡಿದ ನೋಟಕ್ಕೆ ಅಲ್ಲೇ ಇಟ್ಟ.

“ಓ, ಡಬ್ಬಿಯವಳಾ ನೀನು?” ವಿನೋದಿನಿ ಅಮ್ಮ ಬಾಗಿಲು ತೆಗೆದರು. ಒಳಗಿಂದ ಹಲಸಿನೆಲೆಯ ಪರಿಮಳ ಬರುತ್ತಿತ್ತು. “ಕೂತ್ಕೋ. ಕೊಟ್ಟೆ ಕಡುಬು ಬೇಯ್ತಾ ಉಂಟು. ಅರ್ಧ ಗಂಟೆಯಲ್ಲಿ ತುಂಬಿಸಿ ಕೊಡ್ತೇನೆ.”

ಮಹಾದೇವಿ ಕೂರಲಿಲ್ಲ. “ಬ್ಯಾಡ್ರಿ ಅಮ್ಮಾರೆ. ಡಬ್ಬಿ ಖಾಲೀನೇ ಕೊಟ್ಟುಬಿಡ್ರಿ.”

ಯಲ್ಲಾಲಿಂಗ ನೆಲ ನೋಡಿದ. ಅಂಥ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಕ್ಕಿಲ್ಲ.

“ಖಾಲಿಯಾ? ಆಗದವರಿಗೂ ನಾನು ಖಾಲಿ ಪಾತ್ರೆ ಕೊಟ್ಟವಳಲ್ಲ!”

“ಕೇಳಾಕ ನನಗೂ ನಾಚ್ಕಿ ಆಗ್ತದ್ರಿ. ಆದ್ರ ನೀವು ತುಂಬಿ ಕೊಟ್ರ ನಾ ತುಂಬಿ ಕಳಸ್ಬೇಕು, ನಾ ಕಳಸಿದ್ರ ನೀವು ಕೊಡ್ಬೇಕು. ಇದಕ್ಕ ಕೊನಿ ಎಲ್ಲದ? ನನಗ ರಜಾ ಇರಾದು ಗುರುವಾರ ಒಂದ. ಹದಿನಾರು ವರ್ಷಕ್ಕ ಸಿಕ್ಕದ. ಅದು ನಿಮ್ಮ ಕಿಟಕ್ಯಾಗ ಹೋಗಾಕತ್ತದ್ರಿ.”

ವಿನೋದಿನಿ ಅಮ್ಮ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು ಬಿದ್ದು ಬಿದ್ದು ನಕ್ಕರು.

“ಮೊದಲನೇ ದಿನವೇ ನನಗೆ ಗೊತ್ತಾಗಿತ್ತು. ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಇವ ಹೋಳಿಗೆ ಹಿಡ್ಕೊಂಡು ಬಂದಿದ್ದಾನೆ ಅಂದ್ರೆ ಬಿಡ್ಲಿಕ್ಕೇ ಬಂದದ್ದು. ಹೋಟೆಲಿನಲ್ಲಿ ಒಳ್ಳೆ ಮಾಣಿ ಊರಿಗೆ ಹೊರಟರೆ ನಾನು ಅವನ ಟ್ರಂಕು ಇಟ್ಕೊಳ್ತಿದ್ದೆ. ಟ್ರಂಕಿಗಾಗಿ ಬಂದೇ ಬರ್ತಿದ್ದ. ಹಾಗೆ ಈ ಡಬ್ಬಿ ಇಟ್ಕೊಂಡೆ.” ನಗು ನಿಲ್ಲಿಸಿ ಯಲ್ಲಾಲಿಂಗನ ಕಡೆ ತಿರುಗಿದರು. “ಗುರುವಾರ ಬೇಡ. ಮಂಗಳವಾರ ಬಾ.”

ಮಹಾದೇವಿ ಬಾಯಿ ತೆರೆದಳು. ಆದರೆ ಈ ಸಲ ಯಲ್ಲಾಲಿಂಗನೇ ಮುಂದೆ ಬಂದ. ಆರು ವಾರ ನಾಲಗೆಯ ಮೇಲೆ ಕೂತಿದ್ದ ಮಾತು ಒಮ್ಮೆಲೇ ಹೊರಬಿತ್ತು.

“ಮಂಗಳವಾರನೂ ಬ್ಯಾಡ್ರಿ ಅಮ್ಮಾರೆ. ನಾ ಇನ್ನ ಬರಂಗಿಲ್ಲ. ನೀವು ಭಾಳ ಕಾಡ್ತೀರಿ.”

ಒಳಗೆ ಕಡುಬಿನ ಪಾತ್ರೆಯ ಮುಚ್ಚಳ ಟಕಟಕ ಎನ್ನುತ್ತಿತ್ತು. ವಿನೋದಿನಿ ಅಮ್ಮ ಸೆರಗಿನ ತುದಿಯಿಂದ ಕುರ್ಚಿಯ ಕೈ ಒರೆಸಿದರು.

“ಕಾಡ್ತೇನೆ. ಹೌದು,” ಎಂದರು. “ನಿನ್ನ ಹಾಗೆ ಗಾಜು ಒರೆಸುವವನನ್ನು ನಾನು ಈ ಊರಲ್ಲೇ ಕಾಣ್ಲಿಲ್ಲ. ಹೇಳಿದ್ರೆ ಕೈ ಸಡ್ಲ ಮಾಡ್ತಿ ಅಂತ ಹೇಳ್ಲಿಲ್ಲ.”

ಎದ್ದು ಒಳಗೆ ಹೋಗಿ ಡಬ್ಬಿ ತಂದರು. ತಳ ಕಾಣುವಷ್ಟು ಫಳಫಳ ತೊಳೆದಿದ್ದರು. ಅದರಲ್ಲಿ ಎರಡು ಚಮಚ ಸಕ್ಕರೆಯಿತ್ತು. “ಖಾಲಿ ಕೊಡ್ಲಿಕ್ಕೆ ನನ್ನ ಕೈ ಬರುದಿಲ್ಲ. ಇದಕ್ಕೆ ತಿರುಗಿ ಎಂತದೂ ಕಳಿಸ್ಬೇಡ. ಲೆಕ್ಕ ಮುಗೀತು, ಹೋಗಿ,” ಎಂದು ಮಹಾದೇವಿಯ ಕೈಯಲ್ಲಿಟ್ಟರು.

ಹೊರಡುವಾಗ ಅವರು ನಡುಮನೆಯ ಮೂರನೇ ಕಿಟಕಿಯ ಕಡೆ ಮುಖ ಮಾಡಿ, ತಮ್ಮಷ್ಟಕ್ಕೆ “ಅಲ್ಲೊಂದು ಗೆರೆ ಉಂಟು” ಎಂದರು. ಯಲ್ಲಾಲಿಂಗನ ಕಾಲು ತಾನೇ ಅತ್ತ ತಿರುಗಿತು. ಮಹಾದೇವಿ ಅವನ ಅಂಗಿಯ ಹಿಂಬದಿ ಹಿಡಿದು ಲಿಫ್ಟಿನವರೆಗೂ ಬಿಡಲಿಲ್ಲ.

ಗೊರಾಯಿಯ ದೋಣಿ ಹೊರಟಾಗ ಗಾಳಿ ಬೀಸುತ್ತಿತ್ತು. ಮಹಾದೇವಿ ಸೆರಗು ಸಿಕ್ಕಿಸಿಕೊಂಡು, ಚಿಕ್ಕ ಹುಡುಗಿಯ ಹಾಗೆ ದೋಣಿಯ ಅಂಚಿಗೆ ಆತು ನೀರು ನೋಡುತ್ತಿದ್ದಳು. ಗುರುವಾರ ಮಧ್ಯಾಹ್ನದ ಬಿಸಿಲಲ್ಲಿ ಹೆಂಡತಿಯ ಮುಖ ಹೇಗೆ ಕಾಣುತ್ತದೆಂಬುದು ಯಲ್ಲಾಲಿಂಗನಿಗೆ ಅಂದೇ ಗೊತ್ತಾಯಿತು. ಅವನಿಗೆ ಖುಷಿಯಾಗಿತ್ತು. ಆದರೂ ಒಳಗೆಲ್ಲೋ ಚಿಟಿಕೆಯಷ್ಟು ನೋವೂ ಇತ್ತು.

“ಏ ಮಾದೇವಿ, ಅಮ್ಮಾರು ಏನಂದ್ರು? ನೀ ಕೇಳ್ದಿ ಇಲ್ಲ?”

“ಲೆಕ್ಕ ಮುಗೀತು ಅಂದ್ರು.”

“ಅದಲ್ಲ, ಅದಕ್ಕಿಂತ ಮೊದಲ.”

ಅವಳಿಗೆ ಗೊತ್ತಿತ್ತು. ಬೇಕೆಂದೇ ಸತಾಯಿಸಿದಳು. ಕೊನೆಗೆ, “ನಿಮ್ಮ ಹಂಗ ಗಾಜು ಒರಸಾವರು ಈ ಊರಾಗ ಇಲ್ಲಂತ,” ಎಂದಳು.

“ಇನ್ನೊಂದ ಸಲ ಹೇಳು.”

ಅವಳು ಇನ್ನೊಂದು ಸಲ ಹೇಳಿ, ಡಬ್ಬಿ ತೆರೆದು ಒಂದು ಚಿಟಿಕೆ ಸಕ್ಕರೆಯನ್ನು ಅವನ ಬಾಯಿಗೆ ಹಾಕಿದಳು. ಸಕ್ಕರೆ ಚಪ್ಪರಿಸುತ್ತ ಅವನು ಕೈಯಲ್ಲಿದ್ದ ಕರವಸ್ತ್ರದಿಂದ ಒರೆಸಲು ಏನಾದರೂ ಸಿಕ್ಕೀತೇ ಎಂದು ಸುತ್ತಲೂ ಹುಡುಕಿದ. ಆ ದೋಣಿಗೆ ಒಂದೂ ಕಿಟಕಿಯಿರಲಿಲ್ಲ.