ಎರಡು ಉಸಿರಿನ ಹುಬ್ಬು

"ಅಲ್ಲಾಡ್ಬೇಡ," ಎಂದ ಗಿರಿಯಪ್ಪ.

ಪುಷ್ಪಮ್ಮ ಅಲ್ಲಾಡಿರಲಿಲ್ಲ. ಒಲೆಯ ಮೇಲಿನ ಅನ್ನದ ವಾಸನೆ ಬದಲಾಗುತ್ತಿತ್ತು, ಗಮನ ಆ ಕಡೆ ಹೋಗಿತ್ತು, ಅಷ್ಟೆ. ಬಲಗೈ ಎತ್ತಿ, ತೋರುಬೆರಳು ಚಾಚಿ, ಎದುರಿಗೆ ಯಾರೋ ತಪ್ಪಿತಸ್ಥ ನಿಂತಿದ್ದಾನೆಂಬಂತೆ ಅವಳು ನಡುಮನೆಯಲ್ಲಿ ನಿಂತು ಬಹಳ ಹೊತ್ತಾಗಿತ್ತು. ಎದುರಿಗಿದ್ದದ್ದು ಅಡುಗೆಮನೆಯ ಬಾಗಿಲು.

"ಅನ್ನ ಸೀಯ್ತಾ ಇದೆ."

"ಸೀಯ್ಲಿ. ಮಣಿಕಟ್ಟಿನ ಗೆರೆ ಈಗ ಸಿಗ್ತಾ ಇದೆ."

ಮಧ್ಯಾಹ್ನ ಉಣ್ಣುವಾಗ ಆ ಗೆರೆಯನ್ನೇ ನೆಂಚಿಕೊಳ್ಳಲಿ ಎಂದುಕೊಂಡಳು. ಕೇಳಿದಳು: "ಈ ಸಲ ಇವಳು ಯಾರು?"

"ಖಂಡಿತೆ. ಗಂಡ ರಾತ್ರಿಯೆಲ್ಲ ಬೇರೆಯವಳ ಮನೇಲಿದ್ದು ಬೆಳಿಗ್ಗೆ ಬಂದಿದಾನೆ. ಇವಳು ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾಳೆ."

"ಎಂತ ಅಂತ ಕೇಳ್ತಾಳೆ?"

"ಅದನ್ನ ಬರೆಯೋಕಾಗತ್ತಾ? ಬೆರಳಲ್ಲೇ ಎಲ್ಲ ಬರ್ಬೇಕು."

"ಅವನು ಎಂತ ಹೇಳ್ತಾನೆ?"

"ತಲೆ ತಗ್ಗಿಸ್ಕೊಂಡಿರ್ತಾನೆ. ಮಾತಾಡ್ಬೇಡ ಮಾರಾಯ್ತಿ, ಕುತ್ತಿಗೆ ಅಲ್ಲಾಡತ್ತೆ."

ಗಿರಿಯಪ್ಪ ಸಾಗರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟರು. ಮಕ್ಕಳಿಗೆ ಹೂಜಿ, ಬಾಳೆಹಣ್ಣು, ಆರು ದಳದ ಹೂವು ಬರೆಸುವುದು ಹೊಟ್ಟೆಪಾಡು. ನಿಜವಾದ ಕೆಲಸವೆಲ್ಲ ಅಂಗೈಯಗಲದ ಕಾಗದದ ಮೇಲೆ. ಮೈಸೂರಿನಲ್ಲಿ ಚಿತ್ರಕಲೆ ಕಲಿಯುವಾಗ ಒಮ್ಮೆ ಹೈದರಾಬಾದಿಗೆ ಹೋಗಿ ಗಾಜಿನ ಹಿಂದಿಟ್ಟ ಹಳೆಯ ಪುಟ್ಟ ಪುಟ್ಟ ವರ್ಣಚಿತ್ರಗಳನ್ನು ನೋಡಿ ಬಂದಿದ್ದ. ಅಂದಿನಿಂದ ಅಂಥ ಚಿತ್ರಗಳಿಗೆ ಹೆಸರಾದ ಕಾಂಗ್ರಾ, ಬಸೋಲಿ, ಕಿಶನ್‌ಗಢ, ಮೇವಾಡ ಎಂಬ ಊರುಗಳು ಅವನ ಬಾಯಲ್ಲಿ ಹೊಸನಗರ, ಕೋಣಂದೂರುಗಳಷ್ಟು ಸಲೀಸಾಗಿ ಬರುತ್ತಿದ್ದವು. ಅಲ್ಲಿಗೆಲ್ಲ ಬಸ್ಸು ಎಲ್ಲಿ ಹತ್ತಬೇಕು ಎಂದರೆ ಮಾತ್ರ ಗೊತ್ತಿರಲಿಲ್ಲ. ಇತ್ತೀಚೆಗೆ ತಾನು ಹಿಮಾಲಯದ ಯಾವುದೋ ರಾಜನ ಆಸ್ಥಾನದಿಂದ ತಪ್ಪಿಸಿಕೊಂಡು ಸಾಗರದಲ್ಲಿ ಬಂದು ಬಿದ್ದವನೆಂಬ ಮುಖಭಾವವನ್ನೂ ರೂಢಿಸಿಕೊಂಡಿದ್ದ.

ದಸರೆಯ ನಂತರ ಬೆಂಗಳೂರಿನಲ್ಲಿ ಒಂದು ಪ್ರದರ್ಶನವಿತ್ತು. ಅದಕ್ಕೆ ಅಷ್ಟನಾಯಿಕೆಯರನ್ನು ಕಳಿಸುವುದೆಂದು ನಿಶ್ಚಯಿಸಿದ್ದ. ಪ್ರೀತಿಯಲ್ಲಿ ಬಿದ್ದ ಹೆಂಗಸಿಗೆ ಎಂಟು ಅವಸ್ಥೆಗಳಂತೆ: ಕಾಯುವವಳು, ಕತ್ತಲಲ್ಲಿ ಹೊರಟವಳು, ಜಗಳವಾಡಿ ಪಶ್ಚಾತ್ತಾಪ ಪಡುವವಳು, ಹೀಗೆ. ಎಂಟಕ್ಕೂ ನಿಂತವಳು ಪುಷ್ಪಮ್ಮ. ಮದುವೆಯಾಗಿ ಆರು ವರ್ಷದಲ್ಲಿ ಒಂಬತ್ತನೆಯ ಅವಸ್ಥೆಯೊಂದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಹಳೆಯವರು ಅದಕ್ಕೆ ಹೆಸರಿಟ್ಟಿರಲಿಲ್ಲ.

ನಿಲ್ಲುವುದಷ್ಟೇ ಅಲ್ಲ. ಬಣ್ಣಕ್ಕೆಂದು ಚಿಪ್ಪಿನ ಸುಣ್ಣ ಸೋಸುವುದು, ದೀಪದ ಕಾಡಿಗೆ ಹಿಡಿಯುವುದು, ಕೆಮ್ಮಣ್ಣು ಅರೆಯುವುದು ಎಲ್ಲ ಅವಳದೇ. ಬಸೋಲಿಯವರು ಪಚ್ಚೆಹರಳು ತೋರಿಸಲು ಜೀರಂಗಿ ಹುಳದ ರೆಕ್ಕೆ ಕತ್ತರಿಸಿ ಅಂಟಿಸುತ್ತಿದ್ದರೆಂದು ಹೇಳಿ, ಮಳೆ ಹಿಡಿಯುವ ಹೊತ್ತಿನಲ್ಲಿ ಹುಳ ಹಿಡಿದು ತುಂಬಲು ಖಾಲಿ ಬೆಂಕಿಪೊಟ್ಟಣ ಕೊಟ್ಟು ಅವಳನ್ನು ಪೊದೆಗಳ ಸುತ್ತ ಓಡಿಸಿದ್ದ. ಬೇಲಿಯಾಚೆಯ ದುಗ್ಗಮ್ಮ ಅದನ್ನು ನೋಡಿ, ಮಕ್ಕಳಿಲ್ಲದ ಕೊರಗು ತಲೆಗೆ ಏರಿದೆ ಎಂದು ಬೀದಿಗೆಲ್ಲ ಹೇಳಿ ಬಂದಿದ್ದಳು. ಕೊನೆಯ ಕೆಲಸ ಉಜ್ಜುವುದು. ಮುಗಿದ ಚಿತ್ರವನ್ನು ನಯವಾದ ಹಲಗೆಯ ಮೇಲೆ ಬೋರಲು ಹಾಕಿ, ಬೆನ್ನಿನಿಂದ ಕಲ್ಲಿನಲ್ಲಿ ಉಜ್ಜಿದರೆ ಬಣ್ಣಕ್ಕೆ ಹೊಳಪು ಬರುತ್ತದೆ. ಆ ಕಲ್ಲೂ ಪುಷ್ಪಮ್ಮನದೇ, ಹೊಳೆಬಾಗಿಲಿನ ಹತ್ತಿರದ ಅವಳ ತವರಿನ ಹೊಳೆಯದು. ಅಣೆಕಟ್ಟು ಕಟ್ಟಿದ ಮೇಲೆ ಆ ಊರು ನೀರಿನಡಿಗೆ ಹೋಗಿ, ತವರೆಂದು ತೋರಿಸಲು ಈ ಕೋಳಿಮೊಟ್ಟೆಯಂಥ ಕಲ್ಲೊಂದು ಉಳಿದಿತ್ತು. ರಾಜಸ್ಥಾನದ ಅಕೀಕ್ ಕಲ್ಲು ಸಿಗುವ ತನಕ ಇದೇ ಸಾಕೆಂದು ಗಿರಿಯಪ್ಪ ಅದನ್ನು ಒಪ್ಪಿಕೊಂಡಿದ್ದ.

ಚಿತ್ರದಲ್ಲಿ ಬರುತ್ತಿದ್ದ ಕೈ ಅವಳದು, ಸೊಂಟ ಅವಳದು, ಸೆರಗು ಹಿಡಿಯುವ ರೀತಿಯೂ ಅವಳದೇ. ಮುಖ ಮಾತ್ರ ಅವಳದಲ್ಲ. ಏಳರಲ್ಲಿಯೂ ಪಕ್ಕಕ್ಕೆ ತಿರುಗಿದ ಒಂದೇ ಮುಖ: ಹಣೆಯಿಂದ ನೇರವಾಗಿ ಇಳಿದ ಮೂಗು, ಕಿವಿಯವರೆಗೆ ಈಜಿಕೊಂಡು ಹೋದ ಕಣ್ಣು. ಪುಷ್ಪಮ್ಮನದು ಮೊಂಡು ಮೂಗು, ಚಿಕ್ಕ ಗಲ್ಲ. ಮೊದಲ ಚಿತ್ರ ಮುಗಿದಾಗ ಅದರಲ್ಲಿ ತನ್ನನ್ನು ಹುಡುಕಿ ಸಿಗದೆ ಕೇಳಿದ್ದಳು. "ಇದು ಫೋಟೋ ಅಲ್ಲ. ನಾಯಿಕೆಗೆ ಊರು ಕೇರಿ ಇರಲ್ಲ," ಎಂದಿದ್ದ. ಚಂದ ಮಾಡಿ ಬರೆಯಲಿ ಎಂದು ಅವಳು ಕೇಳಿರಲಿಲ್ಲ. ಮೊಣಕೈಯನ್ನು ಅಷ್ಟು ಹೊತ್ತು ನೋಡುವವನು ಒಂದೇ ಒಂದು ಸಲ ಮುಖವನ್ನೂ ನೋಡಿ, ಆ ಮೊಂಡು ಮೂಗನ್ನು ಇದ್ದ ಹಾಗೇ ಇಟ್ಟಾನೆಂದು ಕಾದಿದ್ದಳು. ಇದು ಎಂಟನೆಯದು, ಕೊನೆಯದು.

ಏಳು ಮುಗಿದಾಗ ಊರಿನ ನಾಲ್ಕು ಜನ ದೊಡ್ಡವರು ಒಂದು ಸಂಜೆ ನೋಡಲು ಬಂದಿದ್ದರು. ಚಿತ್ರಗಳಿಗಿಂತ ಹೆಚ್ಚು ಹೊತ್ತು ಅವರ ಕಣ್ಣು ಚಕ್ಕುಲಿಯ ತಟ್ಟೆಯ ಮೇಲಿತ್ತು. ಗಿರಿಯಪ್ಪ ಸ್ಕೂಲಿನ ಬೆತ್ತ ಹಿಡಿದು ವಿವರಿಸುತ್ತಿದ್ದ.

"ಎಲ್ಲಾ ಒಕ್ಕಣ್ಣಿಯರೇ ಇದಾರಲ್ಲ ಮೇಷ್ಟ್ರೇ," ಎಂದರು ಲಾಯರ್ ಶೇಷಪ್ಪ. "ಇನ್ನೊಂದು ಕಣ್ಣು ಎಲ್ಲೋಯ್ತು?"

"ಗುಜರಾತಿನ ಹಳೇ ಜೈನ ಗ್ರಂಥಗಳಲ್ಲಿ ಅದನ್ನೂ ಬಿಡ್ತಿರ್ಲಿಲ್ಲ ಸಾರ್. ಮುಖ ಪಕ್ಕಕ್ಕೆ ತಿರುಗಿದ್ರೂ ಆಚೆ ಕಣ್ಣು ಕೆನ್ನೆ ದಾಟಿ ಹೊರಗೆ ಗಾಳೀಲಿ ನಿಂತಿರತ್ತೆ. ಆಮೇಲಿನೋರು ಅದನ್ನ ಕೈಬಿಟ್ರು."

"ಒಳ್ಳೇ ಕೆಲಸ ಮಾಡಿದ್ರು. ಕಣ್ಣನ್ನ ಮನೆಯಿಂದಾಚೆ ಇಟ್ಕೊಂಡೋರು ನಮ್ಮ ಸಾಗರದಲ್ಲೇ ಬೇಕಾದಷ್ಟು ಇದಾರೆ."

ಎಲ್ಲರೂ ನಕ್ಕರು. ಶೇಷಪ್ಪನವರು ತಮ್ಮ ಜೋಕಿಗೆ ತಾವೇ ಇನ್ನೊಂದು ಚಕ್ಕುಲಿ ಇನಾಮು ಕೊಟ್ಟುಕೊಂಡು ಮುಂದುವರಿದರು: "ಬಾದಶಹರನ್ನ ಬರೆದಾಗ ಒಬ್ಬೊಬ್ಬರ ಮೂಗು ಒಂದೊಂದು ಥರ ಅಂತೀರಿ. ಹೆಂಗಸರ ಮೂಗೆಲ್ಲ ಒಂದೇ ಯಾಕೆ?"

"ಬಾದಶಹನ್ನ ಚಿತ್ರಗಾರ ದಿನಾ ದರ್ಬಾರಲ್ಲಿ ನೋಡ್ತಿದ್ದ. ರಾಣೀವಾಸಕ್ಕೆ ಅವನನ್ನ ಯಾರು ಬಿಡ್ತಾರೆ? ನೋಡದೇ ಇರೋ ಮುಖ ಬರೆಯೋಕೆ ಬರಲ್ಲ ಸಾರ್."

"ಹಂಗಾದ್ರೆ ನಮ್ಮ ಪುಷ್ಪಮ್ನೋರು ಮನೇಲಿ ಮುಖಕ್ಕೆ ಗೋಷಾ ಹಾಕ್ತಾರಾ?"

ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಪುಷ್ಪಮ್ಮ ಗಂಡನನ್ನೇ ನೋಡಿದಳು. ಅವನು ಬೆತ್ತವನ್ನು ನಾಯಿಕೆಯ ಹುಬ್ಬಿನ ಮೇಲಿಟ್ಟು, "ಇದನ್ನ ನೋಡಿ ಸಾರ್," ಎಂದ. "ಅಳಿಲಿನ ಬಾಲದ ಬ್ರಷ್ಷು, ತುದೀಲಿ ಒಂದೇ ಕೂದಲು. ಹುಬ್ಬು ಒಂದೇ ಉಸಿರಲ್ಲಿ ಬರ್ಬೇಕು. ನಡುವೆ ಉಸಿರು ಬಿಟ್ರೆ ಗೆರೆ ಸತ್ತೋಯ್ತು."

ಅವನು ಹುಬ್ಬು ಎಳೆಯುವಾಗ ಮನೆಯೆಲ್ಲ ಮೌನವಾಗಿರಬೇಕಿತ್ತು. ಅಡುಗೆಮನೆಯಲ್ಲಿ ಅವಳೂ ಉಸಿರು ಹಿಡಿದು ನಿಲ್ಲುತ್ತಿದ್ದಳು. ಯಾರೂ ಹೇಳಿರಲಿಲ್ಲ, ಹಾಗೇ ಅಭ್ಯಾಸವಾಗಿತ್ತು.

ಖಂಡಿತೆ ಮುಗಿದ ದಿನ ಗಿರಿಯಪ್ಪ ಸ್ಕೂಲಿಗೆ ಹೊರಡುತ್ತ, "ಇವತ್ತು ಉಜ್ಜಿಡು," ಎಂದು ಹೇಳಿ ಹೋದ. ಪುಷ್ಪಮ್ಮ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಚಿತ್ರವನ್ನು ಬೆಳಕಿಗೆ ಹಿಡಿದಳು. ಎತ್ತಿದ ಕೈ ಅವಳದೇ. ತಲೆ ತಗ್ಗಿಸಿದ ಗಂಡ ಸಣ್ಣಗೆ ಮೂಲೆಯಲ್ಲಿದ್ದ. ನಾಯಿಕೆಯ ಹುಬ್ಬು ನಡುವೆ ಕಡಿದುಹೋಗಿತ್ತು.

ಅವಳಿಗೆ ನಗು ಬಂತು. ಇಷ್ಟೆಲ್ಲ ಭಾಷಣ ಮಾಡಿ ಕೊನೆಗೆ ಉಸಿರು ಬಿಟ್ಟಿದ್ದ. ನಗುತ್ತಲೇ ಮೂಗನ್ನು ನೋಡಿದಳು. ಹಣೆಯಿಂದ ನೇರವಾಗಿ ಇಳಿದ ಮೂಗಲ್ಲ ಅದು. ಹೊಳ್ಳೆ ಅಗಲವಾಗಿತ್ತು. ಕೆಳತುಟಿ ಸ್ವಲ್ಪ ಮುಂದೆ ಬಂದಿತ್ತು. ಗಲ್ಲದ ಕೆಳಗೆ ಇನ್ನೊಂದು ಗಲ್ಲದ ತೆಳ್ಳನೆಯ ಗೆರೆಯಿತ್ತು. ಊರು ಕೇರಿ ಇಲ್ಲದ ನಾಯಿಕೆಗೆ ಇದ್ದಕ್ಕಿದ್ದಂತೆ ವಯಸ್ಸಾಗಿತ್ತು. ಇದು ಯಾರದೋ ಮುಖ, ತಾನು ನೋಡಿದ ಮುಖ. ಯಾರದೆಂದು ಮಾತ್ರ ಹೊಳೆಯಲಿಲ್ಲ. ಚಿತ್ರವನ್ನು ಬೋರಲು ಹಾಕಿ, ಕಲ್ಲು ತೆಗೆದುಕೊಂಡು ಉಜ್ಜತೊಡಗಿದಳು.

ಸ್ಕೂಲಿನ ಮಧ್ಯಾಹ್ನದ ಬಿಡುವಿನ ಹೊತ್ತಿಗೆ, ಹೊಲಿಯಲು ಕೊಟ್ಟಿದ್ದ ರವಿಕೆ ತರಲು ಮೂಕಮ್ಮ ಟೀಚರ ಮನೆಗೆ ಹೋದಳು. ಕೋಣಂದೂರು ಕಡೆಯ ಮೂಕಮ್ಮ ಗಿರಿಯಪ್ಪನ ಸ್ಕೂಲಿನಲ್ಲೇ ಹೊಲಿಗೆ ಕಲಿಸುವವಳು. ನಲವತ್ತು ದಾಟಿದ ಹೆಂಗಸು, ಮದುವೆಯಾಗಿರಲಿಲ್ಲ. ಹೆಸರು ಮೂಕಮ್ಮನಾದರೂ ಬಾಯಿಗೆ ಬಿಡುವಿರಲಿಲ್ಲ.

"ತೊಟ್ಕೊಂಡು ಕೈ ಎತ್ತಿ ಪುಷ್ಪಮ್ನೋರೇ. ಕಂಕುಳ ಹಿಡಿಯತ್ತಾ?"

"ಸ್ವಲ್ಪ."

"ನಿಮ್ಮ ಬಲತೋಳು ಎಡದಕ್ಕಿಂತ ದಪ್ಪ ಆಗಿದೆ. ಎಂತ, ಮೇಷ್ಟ್ರು ಭತ್ತ ಕುಟ್ಟಿಸ್ತಾರಾ?"

"ಇಲ್ಲ, ಸುಮ್ನೆ ಎತ್ತಿ ಹಿಡಿಸ್ತಾರೆ."

ಮೂಕಮ್ಮ ನಗುತ್ತ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹತ್ತಿರ ಬಗ್ಗಿದಳು. ಅಗಲವಾದ ಹೊಳ್ಳೆ, ಮುಂದೆ ಬಂದ ಕೆಳತುಟಿ. ಬಲಹುಬ್ಬಿನ ನಡುವೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಕೂದಲಿರಲಿಲ್ಲ.

ಪುಷ್ಪಮ್ಮ ಕೈ ಇಳಿಸಲಿಲ್ಲ. "ಹುಬ್ಬಿಗೆ ಎಂತ ಆಗಿದ್ದು ಟೀಚರೇ?"

"ಅದಾ? ಸಣ್ಣೋಳಿದ್ದಾಗ ಕೊಟ್ಟಿಗೆ ಮೆಟ್ಲ ಮೇಲೆ ಬಿದ್ದಿದ್ದು. ಮತ್ತೆ ಕೂದ್ಲು ಹುಟ್ಲೇ ಇಲ್ಲ. ಇನ್ನು ಇವಳನ್ನ ಯಾರು ನೋಡ್ತಾರೆ ಅಂತ ನಮ್ಮವ್ವ ಅತ್ತಿದ್ದೇ ಅತ್ತಿದ್ದು." ಸೂಜಿಯನ್ನು ಬಟ್ಟೆಗೆ ಚುಚ್ಚಿದಳು. "ಯಾರೂ ನೋಡ್ಲೂ ಇಲ್ಲ ಬಿಡಿ."

ಆ ಮಾತಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಪುಷ್ಪಮ್ಮನಿಗೆ ಸುಲಭವಾಗುತ್ತಿತ್ತು. ಬಿಸಿಲಿನಲ್ಲಿ ಮನೆಗೆ ನಡೆಯುವಾಗ ಗಂಡನ ಮುಖ ಕಣ್ಣಿಗೆ ಕಟ್ಟಿತು. ಪಕ್ಕಕ್ಕೆ ತಿರುಗಿದ ಮುಖ, ಕೆನ್ನೆ ದಾಟಿ ಸ್ಕೂಲಿನ ಸ್ಟಾಫ್ ರೂಮಿನ ಗಾಳಿಯಲ್ಲಿ ನಿಂತ ಇನ್ನೊಂದು ಕಣ್ಣು. ಅವನು ಮುಖ ನೋಡಲು ಬಾರದವನೆಂದು ಇಷ್ಟು ವರ್ಷ ತಿಳಿದಿದ್ದಳು. ಬಾರದವನ ಮೇಲೆ ಒಂದು ರೀತಿಯ ಕರುಣೆಯಾದರೂ ಇರುತ್ತದೆ. ಈಗ ಅದೂ ಹೋಯಿತು.

ಸಂಜೆ ಗಿರಿಯಪ್ಪ ಚಿತ್ರವನ್ನು ಕಿಟಕಿಗೆ ಹಿಡಿದು, ಓರೆಯಾಗಿ ನೋಡಿ, "ಒಳ್ಳೇ ಹೊಳಪು ಬಂದಿದೆ," ಎಂದ.

"ಹುಬ್ಬು ಕಡಿದಿದೆ."

"ಅಷ್ಟೊಂದು ಕಾಣತ್ತಾ? ಬ್ರಷ್ಷಿನ ಕೂದಲು ಯಾಕೋ..."

"ಬ್ರಷ್ಷಿನದಲ್ಲ. ಕಡಿದಿರೋದು ಸರಿಯಾಗೇ ಇದೆ," ಎಂದಳು ಪುಷ್ಪಮ್ಮ. "ಆದ್ರೆ ಮೂಕಮ್ಮ ಟೀಚರದ್ದು ಬಲಹುಬ್ಬು. ನೀವು ಎಡಕ್ಕೆ ಹಾಕಿದೀರಿ."

ಹೊರಗೆ ಬಸ್ಸೊಂದು ಹಾರನ್ನು ಹೊಡೆದು ಹೋಯಿತು. ಅವಳು ಕಾದಳು. ಒಂದು ಸುಳ್ಳಾದರೂ ಬಂದೀತು, ಕೋಪವಾದರೂ ಬಂದೀತು, ಕೊನೆಗೆ ಚಿತ್ರದ ಮೂಲೆಯವನ ಹಾಗೆ ತಲೆಯನ್ನಾದರೂ ತಗ್ಗಿಸಿಯಾನು. ಗಿರಿಯಪ್ಪ ತೋರುಬೆರಳನ್ನು ಎತ್ತಿ ತನ್ನ ಎಡಹುಬ್ಬಿನ ಮೇಲಿಟ್ಟ. ಆಮೇಲೆ ಬಲಹುಬ್ಬಿನ ಮೇಲಿಟ್ಟ. ಎದುರಿಗೆ ಯಾರನ್ನೋ ಕೂರಿಸಿಕೊಂಡವನಂತೆ ಗಾಳಿಯಲ್ಲಿ ದಿಕ್ಕು ಲೆಕ್ಕ ಹಾಕಿದ.

"ಹೌದಲ್ಲ," ಎಂದ.

ಭಾನುವಾರ ಬೆಳಿಗ್ಗೆ ಅವಳು ಅಕ್ಕಿ ತೊಳೆದು ಒಲೆಗೆ ಇಟ್ಟು ಬರುವಾಗ ಅವನು ಕಿಟಕಿಯ ಕೆಳಗೆ ಹೊಸ ಕಾಗದ ಹಾಸಿಕೊಂಡು ಕೂತಿದ್ದ. ಮುಖ ಎತ್ತದೆ ಕರೆದ. "ಸ್ವಲ್ಪ ಬಾ. ಇನ್ನೊಂದ್ಸಲ ನಿಲ್ಬೇಕು."

"ಮುಗೀತಲ್ಲ."

"ದಿಕ್ಕು ಬದ್ಲಾಯಿಸ್ತಿದೀನಿ, ಬಲಹುಬ್ಬು ಈಚೆ ಬರ್ಬೇಕು. ಬೀದಿ ಬಾಗಿಲ ಕಡೆ ಮುಖ ಮಾಡಿ ನಿಲ್ಲು. ಕೈ ಹಾಗೇ ಇರ್ಲಿ."

ಪುಷ್ಪಮ್ಮ ಅವನ ನೆತ್ತಿಯನ್ನು ನೋಡಿದಳು. ಅಲ್ಲಿ ಕೂದಲು ತೆಳುವಾಗುತ್ತಿತ್ತು. ನಡುಮನೆಯಲ್ಲಿ ನಿಂತು, ಬೀದಿಗೆ ಮುಖ ಮಾಡಿ, ಬಲಗೈ ಎತ್ತಿ ಬೆರಳು ಚಾಚಿದಳು. ಎಂಟು ನಾಯಿಕೆಯರ ಕಾಲವೆಲ್ಲ ಅಡುಗೆಮನೆಯನ್ನೇ ನೋಡಿಕೊಂಡು ನಿಂತವಳಿಗೆ ಬೀದಿ ಕಂಡದ್ದು ಇದೇ ಮೊದಲು. ಸೈಕಲ್ಲೊಂದು ಹೋಯಿತು. ದುಗ್ಗಮ್ಮನ ಕೋಳಿ ಚರಂಡಿ ಕೆದಕುತ್ತಿತ್ತು. ಪಕ್ಕದಿಂದ ಪೆನ್ಸಿಲು ಕಾಗದದ ಮೇಲೆ ಸರಿಯುವ ಸದ್ದು ಶುರುವಾಯಿತು.

ಆಗ ಬೀದಿಯ ಆ ತುದಿಯಿಂದ ಮೂಕಮ್ಮ ಟೀಚರು ಕೈಯಲ್ಲಿ ಚೀಲ ಹಿಡಿದು ಬರುತ್ತಿದ್ದಳು. ಮನೆಯೆದುರಿಗೆ ಬಂದಾಗ ತನ್ನ ಕಡೆ ಚಾಚಿದ ಬೆರಳನ್ನು ನೋಡಿ ನಿಂತಳು.

"ನನ್ನ ಕರೆದ್ರಾ ಪುಷ್ಪಮ್ನೋರೇ?"

ಪೆನ್ಸಿಲಿನ ಸದ್ದು ನಿಂತಿತು.

"ಹ್ಞೂಂ," ಎಂದಳು ಪುಷ್ಪಮ್ಮ. "ಬನ್ನಿ ಒಳಗೆ."

ಮೂಕಮ್ಮ ಚಪ್ಪಲಿ ಬಿಟ್ಟು, ಚೀಲವನ್ನು ಬಾಗಿಲ ಸಂದಿಗಿಟ್ಟು ಬಂದಳು. ಪುಷ್ಪಮ್ಮ ಅವಳ ಭುಜ ಹಿಡಿದು ತಾನು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದಳು, ಬೀದಿಗೆ ತಿರುಗಿಸಿದಳು, ಬಲಗೈಯನ್ನು ಎತ್ತಿ ಬೆರಳನ್ನು ನೆಟ್ಟಗೆ ಮಾಡಿದಳು.

"ಎಂತಕ್ಕೆ ಇದು?" ಮೂಕಮ್ಮ ನಗುತ್ತಲೇ ಕೇಳಿದಳು.

"ಮೇಷ್ಟ್ರು ಹೇಳ್ತಾರೆ. ತೋಳು ನೋಯತ್ತೆ, ಆಮೇಲೆ ಅಭ್ಯಾಸ ಆಗತ್ತೆ. ನನ್ನ ಅನ್ನ ಸೀಯ್ತಾ ಇದೆ."

ಅನ್ನ ಸೀದಿರಲಿಲ್ಲ. ಆಗಷ್ಟೇ ಹದವಾಗಿ ಬೆಂದಿತ್ತು. ಪುಷ್ಪಮ್ಮ ಒಲೆಯಿಂದ ಕೊಳ್ಳಿ ಹಿಂದಕ್ಕೆಳೆದು, ಪಾತ್ರೆ ಇಳಿಸಿ, ಮುಚ್ಚಳ ಒತ್ತಿಹಿಡಿದು ಗಂಜಿ ಬಸಿಯಲು ಬಾಗಿಸಿದಳು. ನಡುಮನೆಯಲ್ಲಿ ಪೆನ್ಸಿಲಿನ ಸದ್ದಿರಲಿಲ್ಲ.

"ಹೀಗೇ ನಿಂತಿರ್ಬೇಕಾ ಮೇಷ್ಟ್ರೇ?" ಎಂದು ಮೂಕಮ್ಮ ಕೇಳಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳಿದಳು.

ಪುಷ್ಪಮ್ಮ ಗೂಡಿನಲ್ಲಿದ್ದ, ಚಿತ್ರ ಉಜ್ಜುವ ಹೊಳೆಕಲ್ಲನ್ನು ತೆಗೆದು, ಬಾಗಿಸಿದ ಪಾತ್ರೆ ಹೊರಳದಂತೆ ಅದರಡಿಗೆ ಒತ್ತು ಕೊಟ್ಟಳು. ಬೆಳ್ಳನೆಯ ಗಂಜಿ ಸಣ್ಣಗೆ, ಕಡಿಯದೆ, ಕೆಳಗಿನ ಬೋಗುಣಿಗೆ ಇಳಿಯುತ್ತಿತ್ತು.