ತಮ್ಮನ ಬೆನ್ನು

ಆ ಬಡಾವಣೆಯಲ್ಲಿ ಯಾರ ಮನೆಗೆ ಬಣ್ಣ ಹೊಡೆಸಬೇಕೆಂದರೂ ಜನ ಹುಡುಕುತ್ತಿದ್ದುದು ದೊಡ್ಡ ಪೇಂಟರ್ ಮತ್ತು ಚಿಕ್ಕ ಪೇಂಟರನ್ನು. ಇಬ್ಬರೂ ಅಣ್ಣತಮ್ಮಂದಿರು. ದೊಡ್ಡವನಿಗೆ ನಲವತ್ತಾರು, ಅವನ ಬೆನ್ನಿಗೆ ಹುಟ್ಟಿದವನಿಗೆ ನಲವತ್ತೆರಡು. ಒಬ್ಬನನ್ನು ಕರೆದರೆ ಇಬ್ಬರೂ ಬರುತ್ತಿದ್ದರು.

ಕೆಲಸವನ್ನು ಅವರು ಒಂದು ರೀತಿಯಲ್ಲಿ ಹಂಚಿಕೊಂಡಿದ್ದರು. ಸೀಲಿಂಗು, ಏಣಿ, ಹೊರಗೋಡೆಗೆ ಕಂಬ ನೆಟ್ಟು ಹಲಗೆ ಕಟ್ಟುವ ಸಾರುವೆ, ಇಪ್ಪತ್ತು ಲೀಟರಿನ ಡಬ್ಬಗಳನ್ನು ಮಹಡಿಗೆ ಹೊರುವುದು, ಇವೆಲ್ಲ ದೊಡ್ಡವನ ಪಾಲು. ಕೈಗೆಟಕುವ ಗೋಡೆ, ಬಾಗಿಲು, ಕಿಟಕಿ, ಬಣ್ಣ ಕಲಸುವುದು, ಮನೆಯೊಡತಿಗೆ ಕೆನೆಬಣ್ಣಕ್ಕೂ ದಂತದ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ನಗುನಗುತ್ತ ತಿಳಿಸಿ ಹೇಳುವುದು ಚಿಕ್ಕವನ ಪಾಲು. ಚಿಕ್ಕವನ ಬೆನ್ನು ಸರಿಯಿರಲಿಲ್ಲ, ಅದಕ್ಕೇ ಹೀಗೆ.

ಹನ್ನೊಂದು ವರ್ಷದ ಹಿಂದೆ ಅವರಪ್ಪ ಒಂದು ಆಫೀಸು ಕಟ್ಟಡದ ಮೂರನೇ ಮಹಡಿಯ ಸಾರುವೆಯಿಂದ ಬಿದ್ದು ಸತ್ತಿದ್ದ. ಅಪ್ಪನೂ ಪೇಂಟರೇ. ಅದಾದ ಮರುತಿಂಗಳು ಚಿಕ್ಕವನು ಏಣಿಯ ಮೂರನೇ ಮೆಟ್ಟಿಲಿಂದ ಜಾರಿ ಬೆನ್ನು ಕೆಳಗಾಗಿ ಬಿದ್ದ. ಅಮ್ಮ ಅವನನ್ನು ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿಕೊಂಡು ಬಂದಳು. ಡಿಸ್ಕ್ ಜಾರಿದೆಯಂತೆ, ಇನ್ನು ಬದುಕಿರುವ ತನಕ ಏಣಿ ಹತ್ತಬಾರದಂತೆ, ಭಾರ ಎತ್ತಬಾರದಂತೆ ಎಂದು ತಮ್ಮ ಗೋಡೆಗೆ ಮುಖ ಮಾಡಿ ಮಲಗಿಕೊಂಡೇ ಹೇಳಿದ. ಆಗ ದೊಡ್ಡವನು ಹೇಳಿದ್ದು ಒಂದೇ ಮಾತು.

"ನಾನಿದ್ದೀನಲ್ಲ, ನೀನ್ಯಾಕೆ ತಲೆ ಕೆಡಿಸ್ಕೋತೀಯ."

ಹೇಳಿದ ಹಾಗೆಯೇ ನಡೆದುಕೊಂಡ. ತಮ್ಮ ಮನೆ ಬದಲಾಯಿಸಿದಾಗ ಕಬ್ಬಿಣದ ಬೀರುವನ್ನು ಎರಡು ಮಹಡಿ ಹೊತ್ತವನು ಅಣ್ಣ. ತಮ್ಮ ಮೆಟ್ಟಿಲ ತಿರುವಿನಲ್ಲಿ ನಿಂತು, "ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ" ಎಂದು ದಾರಿ ತೋರಿಸಿದ್ದ.

ಹನ್ನೊಂದು ವರ್ಷ ತಲೆ ಹಿಂದಕ್ಕೆ ಬಗ್ಗಿಸಿ ಸೀಲಿಂಗಿಗೆ ರೋಲರ್ ಎಳೆದ ಕತ್ತು ಕೊನೆಗೊಂದು ದಿನ ಮುಷ್ಕರ ಹೂಡಿತು. ಬೆಳಿಗ್ಗೆ ಎದ್ದರೆ ತಿರುಗುತ್ತಿರಲಿಲ್ಲ. ಸೊಂಟದಿಂದ ಹೊರಟ ನೋವು ಎಡಗಾಲಿನ ಹಿಮ್ಮಡಿಯವರೆಗೂ ಇಳಿಯುತ್ತಿತ್ತು. ಬಲಗೈಯ ಎರಡು ಬೆರಳು ಜುಮ್ಮೆನ್ನುತ್ತಿದ್ದು, ಒಮ್ಮೆ ಕುಂಚ ಕೈತಪ್ಪಿ ಯಾರದೋ ಸೋಫಾದ ಮೇಲೆ ಬಿತ್ತು.

"ಹಿಂದಿಂದ ಯಾರಾದ್ರೂ ಕರೆದ್ರೆ ಇಡೀ ಆಳೇ ತಿರುಗ್ತೀರಿ, ಬಸ್ಸು ತಿರುಗಿದ ಹಾಗೆ" ಎಂದಳು ಹೆಂಡತಿ. ಅವಳು ಹೊಲಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಅವಳ ಪಕ್ಕದ ಮೆಷಿನ್ನಿನವಳಿಗೆ ಒಬ್ಬ ಬೆನ್ನುಮೂಳೆಯ ಡಾಕ್ಟರಮ್ಮನ ಹತ್ತಿರ ಗುಣವಾಗಿತ್ತು. ಅಲ್ಲಿಗೆ ಹೋಗುವ ತನಕ ಅವಳು ಗಂಡನನ್ನು ಬಿಡಲಿಲ್ಲ.

ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿತ್ತು ಕ್ಲಿನಿಕ್ಕು. ಬಾಗಿಲ ಮೇಲೆ ಕೈರೋಪ್ರಾಕ್ಟರ್ ಎಂದು ಬರೆದಿತ್ತು. ದೊಡ್ಡ ಪೇಂಟರ್ ಅದನ್ನು ಎರಡು ಸಲ ಓದಿ, ನಾಲಿಗೆ ತಿರುಗದೆ, ಡಾಕ್ಟರಮ್ಮ ಎಂದೇ ಕರೆಯುವುದು ವಾಸಿ ಎಂದುಕೊಂಡ. ಆಕೆ ಗಿಡ್ಡ ಹೆಂಗಸು, ಮಣಿಕಟ್ಟು ಮಾತ್ರ ಬಡಗಿಯದರಂತೆ ಗಟ್ಟಿ. ಅವನ ಸ್ಕ್ಯಾನ್ ನೋಡಿ, ಪ್ಲಾಸ್ಟಿಕ್ಕಿನ ಬೆನ್ನುಮೂಳೆಯೊಂದನ್ನು ಕೈಗೆತ್ತಿಕೊಂಡಳು.

"ಈ ಮೂಳೆಗಳ ಮಧ್ಯ ಮೆತ್ತೆ ಇರುತ್ತಲ್ಲ, ನಿಮ್ಮದು ಕತ್ತಲ್ಲಿ ಒಂದು ಕಡೆ, ಸೊಂಟದಲ್ಲಿ ಎರಡು ಕಡೆ ಅಮುಕಿಕೊಂಡಿದೆ. ನರಕ್ಕೆ ಒತ್ತುತ್ತಿದೆ. ಮೆಲ್ಲಗೆ ಎಳೆದು, ಸಂದು ಬಿಡಿಸಿ, ಒತ್ತಡ ಇಳಿಸೋದು ಈ ಚಿಕಿತ್ಸೆ. ಎಲ್ಲರಿಗೂ ಫಲ ಕೊಡುತ್ತೆ ಅಂತ ನಾನು ಹೇಳಲ್ಲ. ನೋಡೋಣ."

ಆ ಮೇಜು ನಡುವೆ ಎರಡಾಗಿ ಸರಿಯುವಂಥದ್ದು. ಎದೆಗೂಡಿಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ ಬಿಗಿದು ಗುಂಡಿ ಒತ್ತಿದರೆ ಯಂತ್ರ ಸೊಂಟವನ್ನು ಕೆಳಕ್ಕೆ ಎಳೆಯುತ್ತಿತ್ತು, ಒಂದು ನಿಮಿಷ ಹಿಡಿದಿಟ್ಟುಕೊಂಡು ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಆಮೇಲೆ ತಲೆಬುಡಕ್ಕೆ ಮೆತ್ತನೆಯ ಹಿಡಿಕೆ ಕೊಟ್ಟು ಕತ್ತಿಗೂ ಹಾಗೆಯೇ. ಮೊದಲ ದಿನ ಅವನು ಅಂಗಾತ ಮಲಗಿ ಸೀಲಿಂಗನ್ನೇ ನೋಡಿದ. ಯಾರೋ ಎರಡನೇ ಕೋಟು ಹೊಡೆಯದೆ ಕೈತೊಳೆದುಕೊಂಡಿದ್ದರು. ಏಳು ಸಲ ಮಲಗೆದ್ದ ಮೇಲೆ ಬೆರಳಿನ ಜುಮ್ಮು ಇಳಿಯಿತು. ರಸ್ತೆ ದಾಟುವಾಗ ಕತ್ತು ತಿರುಗಿಸಿ ನೋಡಿದ್ದು ಅರಿವಾಗಿ, ಅವನು ಫುಟ್‌ಪಾತಿನಲ್ಲಿ ನಿಂತು ಇನ್ನೊಮ್ಮೆ ಸುಮ್ಮನೆ ತಿರುಗಿಸಿದ.

ಸುಖ ಸಿಕ್ಕಿದ ಕೂಡಲೇ ಅವನಿಗೆ ನೆನಪಾದದ್ದು ತಮ್ಮ. ತನಗೆ ಆರೇಳು ತಿಂಗಳು ಸಹಿಸಲಾಗದ್ದನ್ನು ಅವನು ಹನ್ನೊಂದು ವರ್ಷದಿಂದ ಅನುಭವಿಸುತ್ತಿದ್ದಾನಲ್ಲ ಎನ್ನಿಸಿತು. ನೀನೂ ಆ ಕ್ಲಿನಿಕ್ಕಿಗೆ ಬಾ ಎಂದು ತಮ್ಮನಿಗೆ ಹೇಳಿದ. "ಅಯ್ಯೋ ಬಿಡಣ್ಣ, ನನ್ನದು ಹಳೇ ಕಾಯಿಲೆ, ಅದಕ್ಕೆಲ್ಲ ಜಗ್ಗಲ್ಲ" ಎಂದ ಅವನು. ಸಂಕೋಚದವನು, ಒಪ್ಪುವುದಿಲ್ಲ ಎಂದುಕೊಂಡು ದೊಡ್ಡವನು ಅಮ್ಮನ ಮನೆಗೇ ಹೋಗಿ ಹಳೆಯ ಸ್ಕ್ಯಾನಿನ ಕವರು ಕೇಳಿದ.

"ಆ ಹಳೇ ಕಾಗದ ಈಗ್ಯಾಕೆ? ಎಲ್ಲಿದೆಯೋ ಏನೋ" ಎಂದಳು ಅಮ್ಮ.

ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಅಪ್ಪನ ಕಾಗದಪತ್ರಗಳ ಕೆಳಗೆ. ತಾನೇ ತೆಗೆದುಕೊಂಡು ಹೊರಟ. ಅಮ್ಮ ಅವನ ಹಿಂದೆಯೇ ಬಾಗಿಲವರೆಗೂ ಬಂದು, ಕವರಿನತ್ತ ನೋಡಿ ಒಳಗೆ ಹೋದಳು.

ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದಳು. ಜೊತೆಗಿದ್ದ ಕಾಗದವನ್ನೂ ಓದಿದಳು. ಎರಡನೇ ಸಲ ಓದಿದಳು.

"ಇದು ನಿಮ್ಮ ತಮ್ಮಂದೇನಾ?"

"ಹೌದು. ತುಂಬಾ ಕೆಟ್ಟಿದೆಯಾ?"

"ಇದರಲ್ಲಿ ಕೆಟ್ಟಿರೋದು ಏನೂ ಇಲ್ಲ. ಡಿಸ್ಕುಗಳೆಲ್ಲ ಜಾಗದಲ್ಲೇ ಇವೆ."

"ಆಮೇಲೆ ವಾಸಿಯಾಗಿರಬೇಕು."

"ಆಮೇಲಿನದಲ್ಲ, ಇದು ಬಿದ್ದ ವಾರದ್ದೇ. ತಾರೀಖು ಇದೆ ನೋಡಿ. ಸ್ಕ್ಯಾನಿನಲ್ಲಿ ಕಾಣದೆ ನೋವಿರಬಾರದು ಅಂತೇನಿಲ್ಲ, ಇರಬಹುದು. ಅವರನ್ನೇ ಕರ್ಕೊಂಡು ಬನ್ನಿ, ಪರೀಕ್ಷೆ ಮಾಡ್ತೀನಿ. ಆದರೆ ಆ ಡಾಕ್ಟ್ರು ಬರೆದಿರೋದು ಇಷ್ಟೇ. ಸ್ನಾಯು ಉಳುಕಿದೆ, ಎರಡು ವಾರ ವಿಶ್ರಾಂತಿ, ಆಮೇಲೆ ಎಲ್ಲ ಕೆಲಸ ಮಾಡಬಹುದು."

ಎಲ್ಲ ಕೆಲಸ ಎಂಬ ಎರಡು ಪದ ಅವನ ಕಿವಿಯಲ್ಲೇ ಕೂತವು. ಆವತ್ತು ಅವನು ಮೇಜಿನ ಮೇಲೆ ಮಲಗಲಿಲ್ಲ. ಕವರನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ.

ತಮ್ಮ ಆಗ ಒಂದು ಖಾಲಿ ಮನೆಯಲ್ಲಿ ಕಿಟಕಿಯ ಚೌಕಟ್ಟಿಗೆ ಉಜ್ಜುಕಾಗದ ಹಾಕುತ್ತಿದ್ದ. ನೆಲದ ತುಂಬ ಹಳೆಯ ಪತ್ರಿಕೆ ಹಾಸಿತ್ತು. ಸೀಲಿಂಗು ಅರ್ಧ ಆಗಿ ನಿಂತಿತ್ತು, ಅಣ್ಣ ಬಂದು ಮುಗಿಸಲಿ ಎಂದು. ದೊಡ್ಡವನು ಏಣಿಯನ್ನು ಎಳೆದು ನಡುವೆ ನಿಲ್ಲಿಸಿದ.

"ಹತ್ತು."

"ಏನಣ್ಣ?"

"ನಿನ್ನ ಬೆನ್ನು ಚೆನ್ನಾಗಿದೆ. ಹನ್ನೊಂದು ವರ್ಷದಿಂದ ಚೆನ್ನಾಗಿದೆ. ಹತ್ತಿ ಆ ಮೂಲೆ ಮುಗಿಸು."

ತಮ್ಮ ಕವರನ್ನು ನೋಡಿದ, ಅಣ್ಣನ ಮುಖ ನೋಡಿದ. ಕೈ ಒರೆಸಿಕೊಂಡು ಏಣಿ ಹಿಡಿದ. ಒಂದು ಮೆಟ್ಟಿಲು, ಎರಡು, ಮೂರು. ನಾಲ್ಕನೆಯದಕ್ಕೆ ಕಾಲಿಡುವಾಗ ಅವನ ಮಂಡಿಗಳು ಅದುರತೊಡಗಿದವು. ಏಣಿ ನೆಲದ ಮೇಲೆ ಕಟಕಟ ಸದ್ದು ಮಾಡಿತು. ಮುಖದ ಮೇಲೆ ಬೆವರು ಒಡೆದಿತ್ತು. ಕೆಳಗಿಳಿಯಲೂ ಆಗದೆ ಏಣಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತ. ಅಣ್ಣನೇ ಸೊಂಟ ಹಿಡಿದು ಇಳಿಸಬೇಕಾಯಿತು.

ಪತ್ರಿಕೆಗಳ ಮೇಲೆ ಕುಕ್ಕರಿಸಿ ಕುಳಿತು ತಮ್ಮ ಹೇಳಿದ. ಅಣ್ಣನಿಗೂ ಗೊತ್ತಿದ್ದ ಹಾಗೆ, ಅಪ್ಪ ಬಿದ್ದಾಗ ಅದೇ ಹಲಗೆಯ ಇನ್ನೊಂದು ತುದಿಯಲ್ಲಿದ್ದವನು ತಾನು. ಕೈ ಚಾಚಿದರೂ ಸಿಕ್ಕಲಿಲ್ಲ. ಆಮೇಲೆ ಏಣಿ ಮುಟ್ಟಿದರೆ ಸಾಕು, ಕಾಲು ತನ್ನದಲ್ಲ ಎನ್ನಿಸುತ್ತಿತ್ತು. ಆವತ್ತು ಜಾರಿ ಬಿದ್ದದ್ದೂ ಅದಕ್ಕೇ.

"ಅದನ್ನೇ ಹೇಳ್ಬೇಕಿತ್ತು ತಾನೇ?"

"ಹೇಳೋಣ ಅಂತಲೇ ಇದ್ದೆ. ಅಮ್ಮನೇ ಬೇಡ ಅಂದಳು. ಹೆದರಿಕೆ ಅಂದ್ರೆ ನಾಲ್ಕು ಜನ ನಗ್ತಾರೆ, ಬೆನ್ನು ಅಂದ್ರೆ ಯಾರೂ ಕೇಳಲ್ಲ ಅಂದಳು. ಡಾಕ್ಟ್ರು ಹಾಗಂದ್ರು ಅಂತ ಹೇಳಿಬಿಡೋಣ ಅಂತ ಆಸ್ಪತ್ರೆ ಬಾಗಿಲಲ್ಲೇ ಮಾತಾಡ್ಕೊಂಡ್ವಿ. ಒಂದೆರಡು ತಿಂಗಳಲ್ಲಿ ಸರಿಹೋಗುತ್ತೆ ಅಂದ್ಕೊಂಡಿದ್ದೆ ಅಣ್ಣ. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ."

"ಬೀರು ಹೊತ್ತಾಗಲೂ ಬರಲಿಲ್ವಾ?"

ತಮ್ಮ ಅಂಗೈಗಂಟಿದ ಮರದ ಪುಡಿಯನ್ನು ಪತ್ರಿಕೆಯ ಮೇಲೆ ಉದುರಿಸಿದ.

"ಅಪ್ಪ ನನಗೂ ಅಪ್ಪನೇ ಕಣೋ. ಆ ತಿಂಗಳು ನಾನೂ ನಡುಗಿಕೊಂಡೇ ಹತ್ತಿದ್ದು. ಪ್ರತಿ ಮೆಟ್ಟಿಲಿಗೂ ಅವನೇ ಕಣ್ಣ ಮುಂದೆ ಬರ್ತಿದ್ದ. ನೀನು ನರಳ್ತಿದ್ದೀಯ, ನಾನಾದ್ರೂ ಹತ್ತದಿದ್ರೆ ಎರಡು ಮನೆ ನಡೆಯಲ್ಲ ಅಂತ ಹಲ್ಲು ಕಚ್ಚಿ ಹತ್ತಿದೆ. ಹೆದರಿಕೆ ಅಂದಿದ್ರೂ ಹತ್ತುತ್ತಿದ್ದೆ. ಆದ್ರೆ ಇಬ್ಬರೂ ಹೆದರಿದ್ದೀವಿ ಅಂತ ಒಬ್ಬರಿಗೊಬ್ಬರು ಗೊತ್ತಿರುತ್ತಿತ್ತು."

ಅವನ ದನಿ ಏರಲಿಲ್ಲ. ಜಗಳವಾಡಲು ಬಂದಿದ್ದವನಿಗೆ ಎದುರಿಗೆ ಕೂತು ನಡುಗುತ್ತಿದ್ದವನ ಮೇಲೆ ಕೈಯೆತ್ತಲೂ ಆಗಲಿಲ್ಲ, ಆ ಬೆನ್ನು ಸವರಲೂ ಮನಸ್ಸಾಗಲಿಲ್ಲ. ಆ ಮನೆಯ ಸೀಲಿಂಗನ್ನು ಬೇರೆಯವರಿಂದ ಮುಗಿಸಿಕೋ ಎಂದ. ಇನ್ನು ನಿನ್ನ ಕೆಲಸ ನಿನಗೆ, ನನ್ನ ಕೆಲಸ ನನಗೆ ಎಂದ. ಕುಂಚ, ಪುಟ್ಟಿ ಹಚ್ಚುವ ಕತ್ತಿ, ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ.

ಹೆಂಡತಿ ಎಲ್ಲ ಕೇಳಿ, "ಅತ್ತೆಯವರೂ ಸೇರಿಕೊಂಡ್ರಾ?" ಎಂದಳು, ಅಷ್ಟೇ. ಅವನಿಗೂ ಅದೇ ಹೆಚ್ಚು ಚುಚ್ಚಿತ್ತು. ತಮ್ಮನ ಸುಳ್ಳಿಗೆ ಹೆದರಿಕೆ ಎಂಬ ನೆಪವಾದರೂ ಇತ್ತು. ಅಮ್ಮ ಎಷ್ಟೋ ಸಂಜೆ ತನ್ನ ಕತ್ತಿಗೆ ಎಣ್ಣೆ ತಿಕ್ಕಿದ್ದಳು. ತಿಕ್ಕುವಾಗ ಆ ಬೆರಳುಗಳಿಗೆ ಏನು ಅನ್ನಿಸುತ್ತಿತ್ತು ಎಂಬ ಯೋಚನೆ ಊಟದ ನಡುವೆ ಬಂದರೆ ಅವನು ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ.

ಎರಡು ವಾರ ಅವನು ಅಮ್ಮನ ಮನೆಯ ಕಡೆ ತಲೆ ಹಾಕಲಿಲ್ಲ. ಒಂದು ಮಧ್ಯಾಹ್ನ ಅಮ್ಮನೇ ಬಂದಳು. ಅವನು ಅಂಗಳದಲ್ಲಿ ಯಾರದೋ ಬಾಗಿಲನ್ನು ಎರಡು ಸ್ಟೂಲಿನ ಮೇಲೆ ಅಡ್ಡ ಮಲಗಿಸಿ ಪಾಲಿಶ್ ಮಾಡುತ್ತಿದ್ದ. ಆರು ತಿಂಗಳು ಸೀಲಿಂಗಿನ ಕಡೆ ತಲೆಯೆತ್ತಬಾರದೆಂದು ಆಮೇಲೆ ಹೋದಾಗ ಡಾಕ್ಟರಮ್ಮ ಹೇಳಿದ್ದರಿಂದ ಈಗ ಇಂಥ ಕೆಲಸ ಹಿಡಿದಿದ್ದ. ಕುರ್ಚಿ ತಂದು ಹಾಕಿದ. ನೀರು ಕೊಟ್ಟ. ಮತ್ತೆ ಬಾಗಿಲು ಉಜ್ಜತೊಡಗಿದ.

"ಕತ್ತು ಹೇಗಿದೆ?"

"ಪರವಾಗಿಲ್ಲ."

"ನೀನು ಗಟ್ಟಿ ಅಂದ್ಕೊಂಡೆ ಕಣಪ್ಪ. ಅವನು ಚಿಕ್ಕಂದಿನಿಂದಲೂ ಪುಕ್ಕಲ. ಗೊತ್ತಾದ್ರೆ ನೀನು ಅವನನ್ನ ಬಿಟ್ಟು ಬೇರೆಯವರನ್ನ ಕರ್ಕೊಂಡು ಬಿಡ್ತೀಯೇನೋ ಅಂತ ಹೆದರಿದೆ."

ಅವನ ಕೈ ನಿಂತಿತು.

"ನನ್ನನ್ನ ಇಷ್ಟೇನಾ ನೀನು ತಿಳ್ಕೊಂಡಿದ್ದು?"

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ."

"ಒಬ್ಬ ಮಗನ ಹೆದರಿಕೆ ಮುಚ್ಚೋಕೆ ಇನ್ನೊಬ್ಬನ ಕತ್ತು ಕೊಟ್ಟೆ ಅಮ್ಮ. ಕೇಳಿದ್ರೆ ನಾನೇ ಕೊಡ್ತಿದ್ದೆ. ಕೇಳಲಿಲ್ಲ ನೀನು."

ಅವಳು ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಬಾಗಿಲಿನ ಇನ್ನೊಂದು ಮಗ್ಗುಲಿಗೆ ಹೋಗಿ ಉಳಿದ ಹಲಗೆಯನ್ನು ಉಜ್ಜಿ ಮುಗಿಸಿದ. ತಮ್ಮ ಈಗ ಸೀಲಿಂಗಿಗೆ ಒಬ್ಬ ಆಳನ್ನು ಇಟ್ಟುಕೊಂಡಿದ್ದಾನೆ, ಯಾರಾದರೂ ಕೇಳಿದರೆ ಏಣಿ ಅಂದರೆ ಭಯ ಎಂದೇ ಹೇಳುತ್ತಾನೆ, ಯಾರೂ ನಕ್ಕಿಲ್ಲ ಎಂದು ಅವಳು ತಿಳಿಸಿದಳು. ಅವನು ಹೂಂ ಎಂದ.

ಹೊರಟು ನಿಂತಾಗ ಅವಳ ಚೀಲ ಎತ್ತಿಕೊಂಡು ಬಸ್ ಸ್ಟಾಪಿನವರೆಗೂ ಜೊತೆಗೆ ನಡೆದ. ಬಸ್ಸು ತಡವಾಯಿತು. ಬಿಸಿಲಿತ್ತು. "ನೀನು ಹೋಗು, ನಿಂತರೆ ಸೊಂಟ ಹಿಡಿಯುತ್ತೆ" ಎಂದಳು ಅಮ್ಮ. ಅವನು ಹೋಗಲಿಲ್ಲ. ಬಸ್ಸು ಬಂದಾಗ ಮೊಣಕೈ ಹಿಡಿದು ಹತ್ತಿಸಿದ, ಚೀಲ ಕೊಟ್ಟ. ಅಮ್ಮ ಕಿಟಕಿಯ ಪಕ್ಕ ಕುಳಿತು ಈ ಕಡೆ ನೋಡುವಷ್ಟರಲ್ಲಿ ಅವನು ಮನೆಯ ದಾರಿ ಹಿಡಿದಿದ್ದ.